ಹಂದಿಗೋಡಿನ ಕೀಲು, ಅಕ್ಕಿಯ ಬೂಷ್ಟು

ಹೊಸನಗರದ ಓದುಗರೊಬ್ಬರು ಕೇಳಿದ್ದಾರೆ: ‘ಕೊಲೆಸ್ಟರಾಲ್ ಮಾತ್ರೆ ತಿಂದರೆ ವಂಶದಲ್ಲಿ ಬರುವ ನರರೋಗ ನಿಧಾನ ಆಗ್ತದಂತೆ. ನಮ್ಮ ಹಂದಿಗೋಡು ಕಾಯಿಲೆಗೂ ಅದು ಆಗಬಹುದಾ?’

ಮೊದಲು ಒಂದು ಮಾತು. ಹಂದಿಗೋಡು ಕಾಯಿಲೆ ನರದ್ದಲ್ಲ, ಮೂಳೆ ಮತ್ತು ಕೀಲಿನದು. ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ದುಂಡಗಿದ್ದರೆ ಸೊಂಟದ ಗುಳಿಯಲ್ಲಿ ಸಲೀಸಾಗಿ ತಿರುಗುತ್ತದೆ. ಈ ಕಾಯಿಲೆಯಲ್ಲಿ ಅದು ಚಪ್ಪಟೆಯಾಗಿ ಸವೆಯುತ್ತದೆ. ಕುಕ್ಕರಗಾಲಲ್ಲಿ ಕೂರಲಾಗದು, ಬಗ್ಗಿ ನಾಟಿ ಮಾಡಲಾಗದು. ತೀರಾ ಹೆಚ್ಚಾದವರು ಕೈಯೂರಿ ತೆವಳುತ್ತಾರೆ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇದು ಕಣ್ಣಿಗೆ ಬಿದ್ದದ್ದು 1970ರ ದಶಕದ ನಡುವೆ. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬಹುದೆಂದು ಆಗ ವಿಜ್ಞಾನಿಗಳೂ ಅನುಮಾನಪಟ್ಟಿದ್ದರು. ಅನುಮಾನಪಟ್ಟದ್ದು ತಪ್ಪಲ್ಲ, ಪರೀಕ್ಷಿಸಿದರು. ಆದರೆ ಒಂದೇ ಗಡಿಗೆಯ ಸಾರು ಉಂಡ ಅಣ್ಣನಿಗೆ ಕಾಯಿಲೆ, ತಮ್ಮನಿಗೆ ಇಲ್ಲ ಎಂದರೆ ಏಡಿಯನ್ನು ದೂರುವುದು ಹೇಗೆ? ವಂಶವೃಕ್ಷ ಬರೆದು ನೋಡಿದಾಗ ದಾರಿ ತಿಳಿಯಿತು: ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಇಷ್ಟಾದರೂ ಶಾಪ, ನಾಗದೋಷ ಎನ್ನುವ ಬಾಯಿಗಳಿಗೆ ಬೀಗ ಬಿದ್ದಿಲ್ಲ. ನೋವು ತಿನ್ನುವ ಬಡವರ ತಲೆಗೆ ಪಾಪವನ್ನೂ ಹೊರಿಸುವುದು ನಾಚಿಕೆಗೇಡು.

ಈಗ ಮಾತ್ರೆಗೆ, ಅಂದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಕ್ಕೆ ಬರೋಣ. ಜಪಾನಿನ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಮೊದಲ ಸ್ಟ್ಯಾಟಿನ್ ಹಿಡಿದದ್ದು ಅಕ್ಕಿಗೆ ಹಿಡಿದಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ! ಮಲೆನಾಡಿನ ಮಳೆಗಾಲದಲ್ಲಿ ನಾವು ಒರೆಸಿ ಎಸೆಯುವ ಬೂಷ್ಟಿನ ನೆಂಟ. ಕೊಲೆಸ್ಟರಾಲ್ ತಯಾರಿಸುವ ಕಿಣ್ವವನ್ನು ಅದು ತಡೆಯುತ್ತದೆ. ಜೀವಕೋಶಕ್ಕೆ ಬೇಕಾದ ಬೇರೆ ವಸ್ತುಗಳೂ ಅದೇ ಹಾದಿಯಲ್ಲೇ ತಯಾರಾಗುವುದರಿಂದ ಪರಿಣಾಮ ರಕ್ತನಾಳಕ್ಕೇ ನಿಲ್ಲುವುದಿಲ್ಲ. ಹಂಟಿಂಗ್‌ಟನ್ ಎಂಬ, ವಂಶದಲ್ಲಿ ಬರುವ ನರರೋಗದ ಜೀನ್ ಇದ್ದವರಲ್ಲಿ ಸ್ಟ್ಯಾಟಿನ್ ತಿನ್ನುತ್ತಿದ್ದವರಿಗೆ ಲಕ್ಷಣ ತಡವಾಗಿ ಬಂತೆಂದು 2019ರ ಅಧ್ಯಯನವೊಂದು ಹೇಳಿತು. ಅದು ಮಾತ್ರೆಯ ಗುಣವೋ, ವೈದ್ಯರ ಬಳಿ ತಪ್ಪದೆ ಹೋಗುವವರ ಆರೈಕೆಯ ಗುಣವೋ, ಅಂಥ ಅಧ್ಯಯನದಿಂದ ತೀರ್ಮಾನವಾಗದು. ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎಂಬ ಇನ್ನೊಂದು ನರರೋಗದಲ್ಲಿ ಹುಸಿಮಾತ್ರೆಯ ಎದುರು ಒರೆಹಚ್ಚಿದಾಗ ಸ್ಟ್ಯಾಟಿನ್ ಸೋತಿತು.

ನನಗೆ ರೋಮಾಂಚನ ತಂದದ್ದು ಮಾತ್ರ ಮೂಳೆಯ ಸುದ್ದಿ. 2014ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದವರು, ಹುಟ್ಟಿನಿಂದ ಕುಬ್ಜರಾದವರ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ತಟ್ಟೆಯಲ್ಲಿ ಮೃದ್ವಸ್ಥಿ ಬೆಳೆಸಿದರು. ಬೆಳೆದದ್ದು ಕೆಟ್ಟ ಮೃದ್ವಸ್ಥಿಯೇ. ಸ್ಟ್ಯಾಟಿನ್ ಹಾಕಿದಾಗ ಅದು ಸುಧಾರಿಸಿತು! ಅದೇ ದೋಷದ ಇಲಿಮರಿಗಳ ಮೂಳೆಯೂ ಉದ್ದವಾಯಿತು.

ಹಾಗೆಂದು ನಾಳೆಯೇ ಔಷಧದಂಗಡಿಗೆ ಓಡಬೇಡಿ. ಆ ಕುಬ್ಜತೆಯ ಜೀನ್ ಬೇರೆ, ಕಾಯಿಲೆಯೇ ಬೇರೆ. ಸ್ಟ್ಯಾಟಿನ್ ಕೆಲವರಿಗೆ ಸ್ನಾಯುನೋವು ತರುತ್ತದೆ; ಮೊದಲೇ ಸೊಂಟ ಹಿಡಿದವರಿಗೆ ಯಾವ ನೋವು ಯಾವುದರದ್ದೆಂದು ತಿಳಿಯದೆ ಹೋದೀತು. ಆದರೆ ಕ್ಯೋಟೊದ ಆ ತಟ್ಟೆಯ ಪರೀಕ್ಷೆ ಹಂದಿಗೋಡು, ತೀರ್ಥಹಳ್ಳಿ ಕಡೆಯ ರೋಗಿಗಳ ಕೋಶಗಳಿಗೂ ಸಿಗಬೇಕು. ಅದಾಗುವ ತನಕ ಸವೆದ ಸೊಂಟಕ್ಕೆ ಕೃತಕ ಕೀಲು ಹಾಕಿಸುವ ಖರ್ಚನ್ನು ಸರ್ಕಾರವೇ ಹೊರಬೇಕು.