ಮೂರು ರಂಗ, ಮೂರು ಕಾಲಮಾನ

ವೃತ್ತಿ, ಪ್ರವೃತ್ತಿ, ನಿವೃತ್ತಿ ಎಂಬ ಮೂರು ಶಬ್ದಗಳು ಸಂಸ್ಕೃತದಿಂದ ಬಂದು ನಮ್ಮ ದಿನನಿತ್ಯದ ಮಾತಿನಲ್ಲಿ ಬೆರೆತುಹೋಗಿವೆ. ಮೂರಕ್ಕೂ ಧಾತು ಒಂದೇ. ಇರುವುದು, ನಡೆಯುವುದು, ತಿರುಗುವುದು ಎಂಬ ಅರ್ಥಗಳು ಅದರಲ್ಲಿ ಅಡಗಿವೆ. ಮನುಷ್ಯ ಯಾವುದರಲ್ಲಿ ನೆಲೆಯಾಗಿ ನಿಲ್ಲುತ್ತಾನೋ ಅದು ವೃತ್ತಿ. ಮನಸ್ಸು ಯಾವುದರತ್ತ ಒಲಿದು ನಡೆಯುತ್ತದೆಯೋ ಅದು ಪ್ರವೃತ್ತಿ. ಅಲ್ಲಿಂದ ಹಿಂದಿರುಗುವುದು ನಿವೃತ್ತಿ. ನನ್ನಂತಹ ಉಪಾಧ್ಯಾಯನ ವಿಷಯದಲ್ಲಿ ಈ ಕೊನೆಯ ಶಬ್ದಕ್ಕೆ ಯಾವ ಗೂಢಾರ್ಥವೂ ಇಲ್ಲ. ಸೇವಾಪುಸ್ತಕದಲ್ಲಿ ಬರೆದ ಜನ್ಮದಿನಾಂಕವೇ ಅದನ್ನು ನಿರ್ಧರಿಸಿಬಿಡುತ್ತದೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಒಂದು ಹಾರ, ಒಂದು ಶಾಲು, ನಾಲ್ಕು ಒಳ್ಳೆಯ ಮಾತು, ಅಲ್ಲಿಗೆ ಮುಗಿಯಿತು. ಆದರೆ ಕ್ರೀಡಾಂಗಣದಲ್ಲಿ, ಸಂಗೀತದ ವೇದಿಕೆಯಲ್ಲಿ, ರಾಜಕಾರಣದಲ್ಲಿ ಬಾಳನ್ನು ಸವೆಸಿದವರಿಗೆ ಅಂತಹ ಸೇವಾಪುಸ್ತಕವಿಲ್ಲ. ಅವರ ವೃತ್ತಿಜೀವನದ ಏರಿಳಿತಗಳನ್ನು ಯಾವ ಕಾಲಮಾನದಿಂದ ಅಳೆಯಬೇಕು ಎಂಬುದು ಇಂದಿನ ವಿಚಾರ.

ಪಂಪನ ಆದಿಪುರಾಣವನ್ನು ಓದಿದವರಿಗೆ ನೀಲಾಂಜನೆಯ ಪ್ರಸಂಗ ನೆನಪಿರುತ್ತದೆ. ಆಯುಷ್ಯ ಮುಗಿಯುತ್ತ ಬಂದ ಆ ದೇವನರ್ತಕಿಯನ್ನು ಇಂದ್ರನು ಆದಿದೇವನ ಸಭೆಯಲ್ಲಿ ಕುಣಿಯಲು ನಿಯೋಜಿಸುತ್ತಾನೆ. ನೃತ್ಯದ ನಡುವೆಯೇ ಆಕೆ ಕಣ್ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳಂತಹುದೇ ಇನ್ನೊಂದು ರೂಪವನ್ನು ಸೃಷ್ಟಿಸಿ ಕುಣಿತವನ್ನು ಮುಂದುವರಿಸುತ್ತಾನೆ. ಸಭೆಗೆ ಏನೂ ತಿಳಿಯಲಿಲ್ಲ; ತಿಳಿದದ್ದು ಆದಿದೇವನೊಬ್ಬನಿಗೆ. ಈ ಪ್ರಸಂಗವನ್ನು ವೈರಾಗ್ಯದ ನಿದರ್ಶನವೆಂದು ನಾವು ಪಾಠ ಹೇಳುತ್ತೇವೆ. ಅದರೊಳಗೆ ಲೌಕಿಕವಾದ ಒಂದು ಪ್ರಶ್ನೆಯೂ ಇದೆ: ರಂಗದ ಮೇಲಿನ ಕುಣಿತ ಮುಗಿಯಿತೆಂಬುದನ್ನು ಮೊದಲು ಗುರುತಿಸುವವರು ಯಾರು? ಕುಣಿಯುವವರೇ, ನೋಡುವವರೇ, ಅಥವಾ ಇಬ್ಬರೂ ಅಲ್ಲವೇ? ಕ್ರೀಡೆ, ಸಂಗೀತ, ರಾಜಕಾರಣಗಳು ಈ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರ ಕೊಡುತ್ತವೆ. ನಮ್ಮ ನಾಡಿನವರೇ ಆದ ಮೂವರ ಬಾಳನ್ನು ಮುಂದಿಟ್ಟುಕೊಂಡು ಅವನ್ನು ನೋಡೋಣ.

ಮೊದಲನೆಯವರು ಗುಂಡಪ್ಪ ವಿಶ್ವನಾಥ್. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಇವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಇಪ್ಪತ್ತರ ಹುಡುಗನ ಒಂದೇ ಪಂದ್ಯದಲ್ಲಿ ಕ್ರೀಡಾಜೀವನದ ಎರಡು ತುದಿಗಳೂ ಕಾಣಿಸಿಕೊಂಡವು. ನಮ್ಮ ತಲೆಮಾರಿನವರು ಅವರ ಆಟವನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಿವಿಗೆ ರೇಡಿಯೊ ಹಚ್ಚಿಕೊಂಡು, ವೀಕ್ಷಕವಿವರಣೆಕಾರ ಉಸಿರು ಬಿಗಿಹಿಡಿದು ಹೇಳುತ್ತಿದ್ದ ಅವರ ಸ್ಕ್ವೇರ್ ಕಟ್ಟನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡವರು ನಾವು. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತಾಗ ಭಾರತದ ಮೊತ್ತ 190; ಅದರಲ್ಲಿ ವಿಶ್ವನಾಥರದೇ 97, ಅದೂ ಔಟಾಗದೆ. ಶತಕಕ್ಕೆ ಮೂರು ಕಡಮೆಯಾದ ಆ ಮೊತ್ತವನ್ನು ಅವರ ಎಷ್ಟೋ ಶತಕಗಳಿಗಿಂತ ಮೇಲಿನದೆಂದು ರಸಿಕರು ಇಂದಿಗೂ ಎಣಿಸುತ್ತಾರೆ. ಆ ಪಂದ್ಯವನ್ನು ಭಾರತ ಗೆದ್ದಿತು.

ಕ್ರೀಡೆಯ ಅಳತೆಗೋಲು ಹೊರಗಿದೆ, ಎಲ್ಲರಿಗೂ ಕಾಣುತ್ತದೆ. ಮೈದಾನದ ಅಂಚಿನ ಫಲಕ ಯಾರ ಮುಲಾಜನ್ನೂ ನೋಡುವುದಿಲ್ಲ. 1982ರ ಜನವರಿಯಲ್ಲಿ ವಿಶ್ವನಾಥ್ ಇಂಗ್ಲೆಂಡಿನ ವಿರುದ್ಧ 222 ರನ್ ಹೊಡೆದರು. ಅವರ ಅತ್ಯಧಿಕ ಮೊತ್ತ ಅದೇ. ಒಂದು ವರ್ಷ ಕಳೆಯುವುದರಲ್ಲಿ ಪಾಕಿಸ್ತಾನದ ಪ್ರವಾಸ ಬಂತು. ಆ ಸರಣಿಯಲ್ಲಿ ಅವರಿಗೆ ಒಂದು ಶತಕವೂ ದಕ್ಕಲಿಲ್ಲ. 1983ರ ಫೆಬ್ರವರಿಯಲ್ಲಿ ಕರಾಚಿಯಲ್ಲಿ ಮುಗಿದ ಪಂದ್ಯವೇ ಅವರ ಕೊನೆಯ ಟೆಸ್ಟ್ ಆಯಿತು. 91 ಟೆಸ್ಟುಗಳು, 6080 ರನ್ನುಗಳು, 14 ಶತಕಗಳು. ವಯಸ್ಸು ಇನ್ನೂ ಮೂವತ್ತನಾಲ್ಕು ತುಂಬಿರಲಿಲ್ಲ. ಇತರ ವೃತ್ತಿಗಳಲ್ಲಿ ಮನುಷ್ಯ ಒಂದಿಷ್ಟು ಅನುಭವ ಗಳಿಸಿ ತಲೆಯೆತ್ತುವ ಪ್ರಾಯದಲ್ಲಿ ಕ್ರೀಡಾಪಟು ಮಾಜಿಯಾಗಿಬಿಡುತ್ತಾನೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಭಾರತ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಹಿಂದಿನ ಎರಡು ವಿಶ್ವಕಪ್ಪುಗಳಲ್ಲೂ ಆಡಿದ್ದ ವಿಶ್ವನಾಥ್ ಗೆದ್ದ ತಂಡದಲ್ಲಿ ಇರಲಿಲ್ಲ. ಕಾಲವು ಕ್ರೀಡಾಪಟುವಿಗೆ ಐದು ತಿಂಗಳ ರಿಯಾಯಿತಿಯನ್ನೂ ಕೊಡದು.

ಹಾಗೆಂದು ಫಲಕದ ಅಂಕಿಗಳೇ ಕ್ರೀಡೆಯ ಸರ್ವಸ್ವವೇ? ಅಲ್ಲವೆಂಬುದಕ್ಕೂ ವಿಶ್ವನಾಥರ ಬಾಳಿನಲ್ಲೇ ನಿದರ್ಶನವಿದೆ. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಒಂದು ಟೆಸ್ಟ್ ನಡೆಯಿತು. ನಾಯಕರು ವಿಶ್ವನಾಥ್. 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಇಂಗ್ಲೆಂಡ್ ತತ್ತರಿಸುತ್ತಿತ್ತು. ಅಂತಹ ಹೊತ್ತಿನಲ್ಲಿ ಬಾಬ್ ಟೇಲರ್ ಎಂಬ ದಾಂಡಿಗನನ್ನು ಅಂಪೈರ್ ಔಟೆಂದು ಸಾರಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಟೇಲರ್ ಅವರನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ನುಗಳನ್ನು ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ನಾಯಕರಾದದ್ದು ಎರಡೇ ಟೆಸ್ಟುಗಳಲ್ಲಿ. ಲೆಕ್ಕದ ಪುಸ್ತಕದಲ್ಲಿ ಅದು ಸೋಲು. ಆದರೆ ಆ ಪಂದ್ಯದ ಮಾತು ಬಂದಾಗಲೆಲ್ಲ, ಶತಕ ಹೊಡೆದು ಹದಿಮೂರು ವಿಕೆಟ್ ಉರುಳಿಸಿದ ಬೋಥಮ್ ಅವರ ಜೊತೆಗೆ, ಸೋತ ನಾಯಕನ ಹೆಸರೂ ಗೌರವದಿಂದ ಬರುತ್ತದೆ. ದೇಹದ ಕಾಲಮಾನ ಹದಿನಾಲ್ಕು ವರ್ಷಕ್ಕೆ ಮುಗಿಯಿತು. ಆ ಒಂದು ಕರೆಯ ಆಯುಷ್ಯ ಇನ್ನೂ ಮುಗಿದಿಲ್ಲ.

ಈಗ ಸಂಗೀತದ ಕಡೆಗೆ ತಿರುಗೋಣ. ಇಲ್ಲಿ ಫಲಕವಿಲ್ಲ, ಅಂಪೈರ್ ಇಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಕಲಿಯತೊಡಗಿದಾಗ, ತನ್ನ ಹಾಡಿನ ಛಾಯೆ ಮಗಳ ಸ್ವರದ ಮೇಲೆ ಬೀಳಬಾರದೆಂದು ಆ ತಾಯಿ ಹಾಡುವುದನ್ನೇ ನಿಲ್ಲಿಸಿದರು. ಒಂದು ವೃತ್ತಿಜೀವನದ ಬುಡದಲ್ಲಿ ಇನ್ನೊಂದು ವೃತ್ತಿಜೀವನದ ತ್ಯಾಗ ಗೊಬ್ಬರವಾಗಿ ಬೀಳುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಾಡುವ ಹೆಣ್ಣನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲವದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಕಿಯೂ ಒಬ್ಬಳು. ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಿರಾನಾ ಘರಾಣೆಯ ಶಿಕ್ಷಣವನ್ನು ವರ್ಷಗಟ್ಟಲೆ ಪಡೆದರು.

ಮೊದಲು ಗಂಗೂಬಾಯಿಯವರ ಕಂಠ ಹೆಂಗಳೆಯರ ಸಹಜವಾದ ತೆಳುಕಂಠವೇ ಆಗಿತ್ತು. ಗಂಟಲಿನ ತೊಂದರೆಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಂಡುದನಿಯಂತೆ ಗಡುಸಾಯಿತು. ದಾಂಡಿಗನ ಮಣಿಕಟ್ಟಿಗೆ ಇಂತಹ ಬದಲಾವಣೆಯಾಗಿದ್ದರೆ ಆತನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಂಗೀತದಲ್ಲಿ ಹಾಗಾಗಲಿಲ್ಲ. ಕಳೆದುಹೋದ ಕಂಠವನ್ನು ನೆನೆದು ಮರುಗುವ ಬದಲು, ಬಂದ ಕಂಠದಲ್ಲಿ ಏನನ್ನು ಹೇಳಬಹುದು ಎಂಬುದನ್ನು ಅವರು ಹುಡುಕಿಕೊಂಡರು. ನಾನು ಧಾರವಾಡದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಹಾಡನ್ನು ಕೇಳುವ ಅವಕಾಶಗಳು ದೊರೆತವು. ಅವರಿಗೆ ಆಗಲೇ ಎಪ್ಪತ್ತರ ಆಸುಪಾಸು. ಒಂದು ಷಡ್ಜವನ್ನು ಹಿಡಿದು ನಿಂತರೆಂದರೆ ಸಭಾಂಗಣದ ಕಂಬಗಳಿಗೂ ಅದು ಆಧಾರವಾದಂತೆ ತೋರುತ್ತಿತ್ತು. ಮಗಳು ಕೃಷ್ಣಾ ಹಿಂದೆ ಕುಳಿತು ದನಿಗೂಡಿಸುತ್ತಿದ್ದರು. ತಾಯಿಯ ಉಸಿರು ನಿಂತಲ್ಲಿಂದ ಮಗಳ ಉಸಿರು ಮುಂದುವರಿಯುತ್ತಿತ್ತು. ಅದನ್ನು ಕೊರತೆಯೆಂದು ಯಾರೂ ಎಣಿಸಲಿಲ್ಲ. ಸಂಗೀತವು ತನ್ನವರ ಮುಪ್ಪಿಗೆ ಗೌರವದ ಸ್ಥಾನವನ್ನು ಮೊದಲೇ ಕಾದಿರಿಸಿದೆ. 2002ರಲ್ಲಿ ಪದ್ಮವಿಭೂಷಣ, 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಕೊನೆಯ ಕಛೇರಿ, 2009ರಲ್ಲಿ ಕಣ್ಣುಗಳನ್ನು ದಾನವಾಗಿತ್ತು ನಿರ್ಗಮನ.

ಮಲ್ಲಿಕಾರ್ಜುನ ಮನಸೂರರನ್ನು ನೆನೆದರೂ ಇದೇ ಮಾತು ದೃಢವಾಗುತ್ತದೆ. 1910ರಲ್ಲಿ ಹುಟ್ಟಿದ ಅವರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ. ಉಪಾಧ್ಯಾಯನು ಪೆನ್ಷನ್ನಿಗೆ ಅರ್ಜಿ ಬರೆಯುವ ವಯಸ್ಸಿನಲ್ಲಿ ಅವರ ಕೀರ್ತಿ ನಾಡಿನ ಎಲ್ಲೆಯಾಚೆಗೆ ಹರಡುತ್ತಿತ್ತು. ಆದರೆ ಈ ದೀರ್ಘಾಯುಷ್ಯದಲ್ಲಿ ಒಂದು ಅಪಾಯವೂ ಇದೆ. ಇಲ್ಲಿ ಅಳತೆಗೋಲು ಒಳಗಿದೆ. ಸ್ವರ ಕೂದಲೆಳೆಯಷ್ಟು ಜಾರಿದರೂ ಅಭಿಮಾನಿಗಳು ಚಪ್ಪಾಳೆ ತಟ್ಟುತ್ತಾರೆ. ಅವರ ಕಿವಿಯಲ್ಲಿ ಹಳೆಯ ಹಾಡು ಇನ್ನೂ ಮೊಳಗುತ್ತಿರುತ್ತದೆ. ನೀಲಾಂಜನೆಯ ಜಾಗದಲ್ಲಿ ಅವಳ ಪ್ರತಿರೂಪವನ್ನು ನಿಲ್ಲಿಸುವ ಇಂದ್ರನ ಕೆಲಸವನ್ನು ಇಲ್ಲಿ ನಮ್ಮ ನೆನಪೇ ಮಾಡುತ್ತದೆ. ಆದಕಾರಣ ಸಂಗೀತಗಾರನಿಗೆ ತನ್ನ ಕಿವಿಯೇ ಕಟ್ಟಕಡೆಯ ನ್ಯಾಯಾಧೀಶ.

ಇನ್ನು ರಾಜಕಾರಣ. ಇಲ್ಲಿಯ ಅಳತೆಗೋಲು ಹೊರಗೂ ಇಲ್ಲ, ಒಳಗೂ ಇಲ್ಲ. ಅದು ಇತರರ ಕೈಯಲ್ಲಿದೆ, ಮತ್ತು ಆ ಕೈ ದಿನಕ್ಕೊಂದು ರೀತಿ ಅಲುಗುತ್ತದೆ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದ ಎಸ್. ನಿಜಲಿಂಗಪ್ಪನವರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಏಕೀಕರಣಕ್ಕಾಗಿ ದುಡಿದವರು. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ ಮೊದಲಾದ ಭಾಗಗಳು ಒಂದಾದಾಗ ಅವರು ಮೊದಲ ಮುಖ್ಯಮಂತ್ರಿಯಾದರು. ಎರಡು ವರ್ಷ ತುಂಬುವ ಮೊದಲೇ, 1958ರಲ್ಲಿ, ಸ್ವಪಕ್ಷದವರ ಬೆಂಬಲ ತಪ್ಪಿ ಪದವಿ ಬಿಡಬೇಕಾಯಿತು. 1962ರ ಚುನಾವಣೆಯಲ್ಲಿ ಸ್ವಂತ ಜಿಲ್ಲೆಯ ಹೊಸದುರ್ಗದ ಮತದಾರರೇ ಅವರನ್ನು ಸೋಲಿಸಿದರು. ಆ ವರ್ಷವೇ ದೂರದ ಬಾಗಲಕೋಟೆ ಅವರನ್ನು ಆರಿಸಿ ಕಳುಹಿಸಿತು, ಮತ್ತೆ ಮುಖ್ಯಮಂತ್ರಿಯಾದರು. ಮನೆಯಂಗಳದಲ್ಲಿ ಸೋತು ನಾಡಿನಲ್ಲಿ ಗೆಲ್ಲುವ ಈ ವಿಚಿತ್ರ ರಾಜಕಾರಣದಲ್ಲಿ ಮಾತ್ರ ಸಾಧ್ಯ.

1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷದ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕುವ ನಿರ್ಣಯವಾಯಿತು, ಪಕ್ಷ ಒಡೆಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಜನತೆ ಇಂದಿರಾ ಅವರ ಕಡೆಗೆ ನಿಂತಿತು. ಯಾರು ಸರಿ, ಯಾರು ತಪ್ಪು ಎಂಬ ವಾದವನ್ನು ಚರಿತ್ರಕಾರರಿಗೆ ಬಿಡುತ್ತೇನೆ. ನನ್ನನ್ನು ಕಾಡುವುದು ಅದರ ನಂತರದ ಕಾಲ. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಅಧಿಕಾರದಲ್ಲಿದ್ದವರು ದೇವರಾಜ ಅರಸರು. ಒಂದಾದ ನಾಡಿನ ಮೊದಲ ಮುಖ್ಯಮಂತ್ರಿ ಆ ಹೊತ್ತಿಗೆ ಅಧಿಕಾರದ ಹೊರಗಿದ್ದರು. 1964ರಲ್ಲಿ, ಅವರ ಆಡಳಿತದ ಅವಧಿಯಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮುಂದಿನ ಹಂತಗಳು ಅರವತ್ತು ವರ್ಷ ಕಳೆದರೂ ಪೂರ್ಣಗೊಂಡಿಲ್ಲ. ದಾಂಡಿಗನು ಹೊಡೆದ ರನ್ನು ಅವನ ಖಾತೆಗೇ ಸೇರುತ್ತದೆ. ಗಾಯಕಿಯ ಹಾಡು ಆಕೆಯ ಹೆಸರಿನಲ್ಲೇ ಮುದ್ರಿತವಾಗುತ್ತದೆ. ರಾಜಕಾರಣಿ ಬಿತ್ತಿದ್ದನ್ನು ಕೊಯ್ಯುವವರು ಬೇರೆ, ಉಣ್ಣುವವರು ಇನ್ನೂ ಬೇರೆ. ನಿಜಲಿಂಗಪ್ಪನವರು 2000ದ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೇಳು ವರ್ಷ. ಉನ್ನತ ಅಧಿಕಾರದಿಂದ ದೂರವಾದ ಮೇಲೆ ಮೂರು ದಶಕಗಳ ಬಾಳು! ಮಾಜಿಯಾಗಿ ಅಷ್ಟು ದೀರ್ಘಕಾಲ ಘನತೆಯಿಂದ ಬದುಕುವುದೂ ಒಂದು ಸಾಧನೆಯೇ.

ಈ ಮೂವರನ್ನು ಒಟ್ಟಿಗೆ ನೋಡಿದಾಗ, ನಾವು ಸಾರ್ವಜನಿಕ ವ್ಯಕ್ತಿಗಳಿಗೆ ಮಾಡುವ ಅನ್ಯಾಯ ಸ್ಪಷ್ಟವಾಗುತ್ತದೆ. ಒಂದು ರಂಗದ ಗಡಿಯಾರವನ್ನು ಇನ್ನೊಂದು ರಂಗದ ಗೋಡೆಗೆ ತೂಗುಹಾಕುತ್ತೇವೆ. ಕ್ರೀಡಾಪಟುವಿನಿಂದ ಗಾಯಕನ ದೀರ್ಘಾಯುಷ್ಯವನ್ನು ಬಯಸಿ, ಅವನು ಸೋತ ದಿನ ಹೀಯಾಳಿಸುತ್ತೇವೆ. ಎಳೆಯ ಗಾಯಕನಿಂದ ಕ್ರೀಡಾಪಟುವಿನ ವೇಗವನ್ನು ಬಯಸಿ, ಇಪ್ಪತ್ತಕ್ಕೇ ಬಹುಮಾನ ತರಲಿಲ್ಲವೆಂದು ಕೈಬಿಡುತ್ತೇವೆ. ರಾಜಕಾರಣಿಯನ್ನು ಗೆಲುವು-ಸೋಲುಗಳ ಫಲಕದಿಂದ ಮಾತ್ರ ಅಳೆದು, ಅವನು ಹಾಕಿದ ಅಡಿಗಲ್ಲಿನ ಮೇಲೆ ಏನು ಎದ್ದಿತೆಂಬುದನ್ನು ಕೇಳುವುದಿಲ್ಲ. ನಾವು ಹೀಗೆ ಅಳೆಯುತ್ತಿರುವುದರಿಂದಲೇ ರಾಜಕಾರಣಿಯೂ ಫಲಕವನ್ನಷ್ಟೇ ನೋಡಲು ಕಲಿಯುತ್ತಾನೆ. ಅದರ ನಷ್ಟವನ್ನು ತೆರುವವರು ನಾವು, ನಮ್ಮ ಮಕ್ಕಳು.

ಇದು ದೊಡ್ಡವರ ವಿಚಾರ, ನಮಗೇನು ಎಂದು ಕೇಳಬಹುದು. ಮನೆಯಲ್ಲಿ ಒಬ್ಬ ಹುಡುಗ ಬ್ಯಾಟು ಹಿಡಿದಿದ್ದಾನೆ, ಒಬ್ಬ ಹುಡುಗಿ ತಂಬೂರಿ ಹಿಡಿದಿದ್ದಾಳೆ ಎಂದರೆ ಈ ವಿಚಾರ ನಮ್ಮದೂ ಹೌದು. ಹುಡುಗನಿಗೆ, ನಿನ್ನ ಆಟ ಮೂವತ್ತೈದರೊಳಗೆ ಮುಗಿಯಬಹುದು, ಆಮೇಲೆ ಬಾಳಲು ಬೇರೊಂದು ಆಸರೆಯನ್ನೂ ಕಟ್ಟಿಕೋ ಎಂದು ಹೇಳಬೇಕು. ಹುಡುಗಿಗೆ, ಅವಸರ ಬೇಡ, ನಿನ್ನ ಹಾಡು ಐವತ್ತಕ್ಕೆ ಅರಳಿದರೂ ಅದು ತಡವಲ್ಲ ಎಂದು ಹೇಳಬೇಕು. ಹೇಳಿದರೆ ಸಾಲದು, ಅಲ್ಲಿಯವರೆಗೆ ಕಾಯುವ ತಾಳ್ಮೆ ನಮಗೂ ಇರಬೇಕು. ನಾಡಿನ ಕೆಲಸಕ್ಕೆ ಇಳಿಯುವ ತರುಣ ಸಿಕ್ಕರೆ, ನೀನು ನೆಟ್ಟ ಮರದ ನೆರಳು ನಿನಗೆ ಸಿಗದಿರಬಹುದು, ಆದರೂ ನೆಡು ಎನ್ನಬೇಕು. ವೃತ್ತಿ ಕೆಲವರಿಗೆ ಬೇಗ ಮುಗಿಯುತ್ತದೆ, ಕೆಲವರಿಗೆ ತಡವಾಗಿ. ಪ್ರವೃತ್ತಿ ಶುದ್ಧವಾಗಿದ್ದವರಿಗೆ ನಿವೃತ್ತಿ ಶಿಕ್ಷೆಯಾಗುವುದಿಲ್ಲ.