ಬಳ್ಳಿಗಾವಿಯ ‘ನ್ಯಾಯ’ ಕೋರ್ಟಿನ ನ್ಯಾಯವಲ್ಲ: ಶಾಸನಗಳಲ್ಲೂ ಮಾತಿನಲ್ಲೂ ತರ್ಕದ ಪದಗಳು

ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ನಮ್ಮ ಜಿಲ್ಲೆಯ ಶಾಸನಾಸಕ್ತರಿಗೆ ಹೊಸದಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಶಿಕಾರಿಪುರ 102 ಎಂಬ ಸಂಖ್ಯೆಯಲ್ಲಿದೆ. ಬಿಜ್ಜಳನ ಕಾಲದ್ದು. ಮಠದಲ್ಲಿ ಏನೇನು ಕಲಿಸುತ್ತಿದ್ದರು ಎಂಬ ಉದ್ದದ ಪಟ್ಟಿಯೇ ಅದರಲ್ಲಿದೆ: ವೇದಗಳು, ಹಲವು ವ್ಯಾಕರಣಗಳು, ಆಮೇಲೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ.

ಈ ಪಟ್ಟಿಯನ್ನು ಮೊದಲ ಸಲ ಓದುವವರು ‘ನ್ಯಾಯ’ದ ಹತ್ತಿರ ಎಡವುವುದು ಸಹಜ. ಇವತ್ತಿನ ಕನ್ನಡದಲ್ಲಿ ನ್ಯಾಯ ಅಂದ್ರೆ ನ್ಯಾಯಾಲಯ, ನ್ಯಾಯಾಧೀಶರು, ಊರ ಪಂಚಾಯ್ತಿ ಕಟ್ಟೆ. ಹಾಗಾದರೆ ಮಠದಲ್ಲಿ ಕಾನೂನು ಕಲಿಸುತ್ತಿದ್ದರೇ? ಪರೀಕ್ಷಿಸೋಣ. ನ್ಯಾಯವೆಂದರೆ ಕಾನೂನು ಆಗಿದ್ದರೆ ಅದು ಧರ್ಮಶಾಸ್ತ್ರದ ಪಕ್ಕದಲ್ಲಿ ಬರಬೇಕಿತ್ತು. ಬಂದಿರುವುದು ವೈಶೇಷಿಕ, ಸಾಂಖ್ಯಗಳ ಜೊತೆ. ಧರ್ಮಶಾಸ್ತ್ರದ ಹೆಸರು ಬೇರೆಯಾಗಿಯೇ ಇದೆ. ಆದ್ದರಿಂದ ಇದು ಗೌತಮನ ನ್ಯಾಯ, ಅಂದ್ರೆ ಸರಿಯಾಗಿ ಯೋಚಿಸುವುದು ಹೇಗೆ ಎಂದು ಹೇಳುವ ಶಾಸ್ತ್ರ.

ಈಗ ಮಾಡಿದ್ದಕ್ಕೂ ಆ ಶಾಸ್ತ್ರದಲ್ಲೇ ಹೆಸರಿದೆ: ತರ್ಕ. ‘ಇದು ಹೀಗಿದ್ದಿದ್ರೆ ಹಾಗಾಗಬೇಕಿತ್ತು, ಹಾಗಾಗಿಲ್ಲ, ಅಂದ್ಮೇಲೆ ಇದು ಹೀಗಿಲ್ಲ’ ಎಂಬ ನಡಿಗೆ. ಭದ್ರಾವತಿಯ ಕಾರ್ಖಾನೆಗಳ ಎಲೆಕ್ಟ್ರಿಷಿಯನ್‌ಗಳು ದಿನಾ ಮಾಡುವುದು ಇದನ್ನೇ. “ಫ್ಯೂಸ್ ಹೋಗಿದ್ರೆ ಪ್ಯಾನೆಲ್ ದೀಪ ಹತ್ತಬಾರ್ದಿತ್ತು ಸಾರ್, ಹತ್ತಿದೆ, ಬೇರೆ ಕಡೆ ನೋಡಣ” ಅಂತಾರೆ. ಅವರ ಬಾಯಲ್ಲಿ ಇದಕ್ಕೆ ಹೆಸರು ‘ಲಾಜಿಕ್’. ತರ್ಕ ಎಂದರೆ ನಗುತ್ತಾರೆ, ಅದು ಪುಸ್ತಕದ ಮಾತು.

ನ್ಯಾಯಶಾಸ್ತ್ರದ ಇನ್ನೂ ಕೆಲವು ಪದಗಳು ನಮ್ಮ ಮಾತಿನಲ್ಲಿ ವೇಷ ಬದಲಿಸಿಕೊಂಡು ಓಡಾಡುತ್ತಿವೆ.

ಅನುಮಾನ: ಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿಯಿದೆ ಎಂದು ನಿಶ್ಚಯಿಸುವುದು. ನಮ್ಮಲ್ಲಿ “ನಂಗ್ಯಾಕೋ ಅನುಮಾನ” ಅಂದ್ರೆ ನಿಶ್ಚಯವಿಲ್ಲ ಎಂದೇ ಅರ್ಥ. ಹೆಚ್ಚುಕಡಿಮೆ ತಲೆಕೆಳಗು.

ಪ್ರಮಾಣ: ಅಲ್ಲಿ ಸರಿಯಾದ ಅರಿವಿಗೆ ಸಾಧನ, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಇಲ್ಲಿ ದೇವರ ಮುಂದೆ ಮಾಡುವ ಆಣೆ, ಇಲ್ಲವೇ ಅಳತೆ.

ವಿತಂಡ: ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವರದ್ದನ್ನು ಬರೀ ಕೆಡವುವುದು. “ವಿತಂಡವಾದ ಮಾಡ್ಬೇಡ” ಎಂದು ಮನೆಯಲ್ಲಿ ಬೈಯುವಾಗ ಹಳೆಯ ಅರ್ಥ ಬಹುಮಟ್ಟಿಗೆ ಹಾಗೇ ಉಳಿದಿದೆ.

ವಾದಿ: ಕೋರ್ಟಿನಲ್ಲಿ ದಾವೆ ಹೂಡಿದವರು. ಶಾಸನದಲ್ಲಿ ಸಭೆಯ ಮುಂದೆ ಚರ್ಚೆಗೆ ನಿಲ್ಲುವ ವಿದ್ವಾಂಸ. ಬಳ್ಳಿಗಾವಿಯದೇ 1036ರ ಶಾಸನ (ಶಿಕಾರಿಪುರ 126) ಲಕುಲೀಶ್ವರ ಪಂಡಿತರನ್ನು ‘ವಾದಿರುದ್ರಗುಣ’ ಎಂದು ಕರೆದು, ಅವರು ಸೋಲಿಸಿದ ವಾದಿಗಳ ಹೆಸರುಗಳನ್ನು ಪೋಣಿಸುತ್ತದೆ. ಇಲ್ಲಿ ವಾದಿ–ಪ್ರತಿವಾದಿ ಎಂದು ಓದಿದರೆ ಪಂಡಿತರು ಆಸ್ತಿ ವ್ಯಾಜ್ಯ ಗೆದ್ದಂತಾಗುತ್ತದೆ!

ಹೊಂಬುಜದ 11ನೇ ಶತಮಾನದ ಶಾಸನದಲ್ಲಿ ಜೈನಾಚಾರ್ಯ ವಾದಿರಾಜರಿಗೆ ‘ಷಟ್ತರ್ಕಷಣ್ಮುಖ’ ಎಂಬ ಬಿರುದಿದೆ. ಆರು ತರ್ಕಗಳೆಂದರೆ ಆರು ಜಗಳಗಳಲ್ಲ, ಆರು ಚಿಂತನ ಪಂಥಗಳು. ಕೋಡಿಯ ಮಠದ ಶಾಸನ ‘ದರ್ಶನ’ ಎನ್ನುವ ಕಡೆ ಹೊಂಬುಜದ್ದು ‘ತರ್ಕ’ ಎನ್ನುತ್ತದೆ. ಒಂದು ಪದದಲ್ಲಿ ಕಾಣುವುದು, ಇನ್ನೊಂದರಲ್ಲಿ ವಿವೇಚಿಸುವುದು. ಎಣಿಕೆಗೆ ಬಂದಾಗ ಎರಡೂ ಸಮಾನಾರ್ಥಕ. ಪಂಥಗಳ ಪಟ್ಟಿ ಮಾತ್ರ ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬದಲಾಗುತ್ತದೆ.

ಹಾಗಾದರೆ ಸ್ಪಷ್ಟ ಯೋಚನೆಗೆ ಬೀದಿಯ ಕನ್ನಡದಲ್ಲಿ ಪದವಿಲ್ಲವೇ? ಬೇಕಾದಷ್ಟಿವೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚೌಕಾಸಿಗೆ ನಿಂತರೆ “ಯಾವ ಲೆಕ್ಕದಲ್ಲಿ ಹೇಳ್ತೀರಿ?” ಎನ್ನುತ್ತಾರೆ, ಕೇಳುತ್ತಿರುವುದು ಕಾರಣವನ್ನು. ಕ್ರಮವಿಲ್ಲದ ಮಾತು ‘ತಲೆಬುಡ ಇಲ್ಲದ್ದು’. ಯುಕ್ತಿಯ ಮೂಲದಲ್ಲಿ ‘ಹೊಂದಿಕೆ’ ಇದೆ. ಈಗ ಅದು ಜಾಣ ಉಪಾಯ, ಸ್ವಲ್ಪ ಜಾರಿದರೆ ಕುಯುಕ್ತಿ. ವಿವೇಕದ ಮೂಲದಲ್ಲಿರುವುದು ಬೇರ್ಪಡಿಸುವುದು. ಇನ್ನು ‘ತಿಳಿ’: ತಿಳಿನೀರಿನ ತಿಳಿಯೇ ‘ತಿಳಿಯಿತು’ ಎನ್ನುವಾಗಲೂ ಇರುವುದು. ಕದಡಿದ್ದು ಕೆಳಗೆ ಕೂತ ಮೇಲೆ ಕಾಣುವುದೇ ತಿಳಿವು. ವಾದಿಗೆ ಎದುರಾಳಿ ಬೇಕು, ತಿಳಿಯುವವನಿಗೆ ಬೇಕಿಲ್ಲ.

ಶಾಸನ ಓದಲು ಕೂತಾಗ ಪರಿಚಿತ ಪದಗಳ ಬಗ್ಗೆಯೇ ಹೆಚ್ಚು ಹುಷಾರಾಗಿರಬೇಕು ಎಂಬುದು ಇದರಿಂದ ನಾನು ಇಟ್ಟುಕೊಂಡ ನಿಯಮ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆಗೆಯುತ್ತೇವೆ. ಗೊತ್ತಿರುವ ಪದಕ್ಕೆ ತೆಗೆಯುವುದಿಲ್ಲ. ಪದದ ಎಡಬಲದಲ್ಲಿ ಯಾರು ಕೂತಿದ್ದಾರೆ ನೋಡಿ. ನ್ಯಾಯದ ಪಕ್ಕದಲ್ಲಿ ವೈಶೇಷಿಕ ಕಂಡರೆ ಕೋರ್ಟಿನ ಬಾಗಿಲು ತಟ್ಟಬೇಕಿಲ್ಲ.