ಸೀಸ ಕುಡಿದು ಬೆಳೆದ ಕಾರಿಗೆ ಜೋಳದ ಮದ್ಯಸಾರ

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಒಂದು ಕಟ್ಟಳೆ ಇತ್ತು. ಮಧ್ಯಮ ಗಾತ್ರದ ಕಾರಿನಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂರಿಸುವಂತಿಲ್ಲ ಎಂಬುದು ಆ ಕಟ್ಟಳೆ. ಅದೇ ಸಂಸ್ಥೆಯ ಪಾಂಟಿಯಾಕ್ ವಿಭಾಗದ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವನ ಸಂಗಡಿಗರು ಇದಕ್ಕೊಂದು ಉಪಾಯ ಹೂಡಿದರು. ನಿಯಮ ಇರುವುದು ಕಾರಿಗೆ. ಗಿರಾಕಿ ಬಯಸಿ ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಸಲಕರಣೆಗಲ್ಲವಲ್ಲ! 1964ರ ಟೆಂಪೆಸ್ಟ್ ಕಾರಿಗೆ 'ಐಚ್ಛಿಕ ಸಲಕರಣೆ' ಎಂಬ ಹೆಸರಿನಲ್ಲಿ 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ ಬಂದು ಕೂತಿತು. ಫೆರಾರಿ ಕಾರಿನಿಂದ ಸಂಕೋಚವಿಲ್ಲದೆ ಎರವಲು ತಂದ ಜಿಟಿಓ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು. ಐದು ಸಾವಿರ ಮಾರಾಟವಾದರೆ ಸಾಕು ಎಂದುಕೊಂಡಿದ್ದ ಕಂಪೆನಿ ಆ ವರ್ಷ 32,450 ಕಾರುಗಳನ್ನು ಮಾರಿತು.

'ಮಸಲ್ ಕಾರ್' ಎಂಬ ಜಾತಿ ಹುಟ್ಟಿದ್ದು ಹೀಗೆ. ಸಾಧಾರಣ ಮೈಕಟ್ಟಿನ ಕಾರಿನೊಳಗೆ ಅಸಾಧಾರಣ ಗಾತ್ರದ ಎಂಜಿನ್; ತಿರುವಿನಲ್ಲಿ ಅಷ್ಟೇನೂ ಚುರುಕಲ್ಲ, ಬ್ರೇಕು ಅಷ್ಟಕ್ಕಷ್ಟೆ, ಆದರೆ ನೇರ ರಸ್ತೆಯಲ್ಲಿ ಬಿಟ್ಟರೆ ಬಾಣ. ನಮ್ಮ ಅಂಬಾಸಡರ್ ಕಾರಿನ ಒಂದೂವರೆ ಲೀಟರ್ ಎಂಜಿನ್ ಬಲ್ಲವರಿಗೆ 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್-454 ಕಾರಿನ ಲೆಕ್ಕ ಹೇಳಿದರೆ ಸಾಕು: 7.4 ಲೀಟರ್, 450 ಅಶ್ವಶಕ್ತಿ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಪುಣ್ಯ.

ಈ ಬಲ ಬರೀ ಕಬ್ಬಿಣದ್ದೆಂದು ತಿಳಿದರೆ ತಪ್ಪು. ಅದರ ಗುಟ್ಟು ಟ್ಯಾಂಕಿನಲ್ಲಿತ್ತು. ಪೆಟ್ರೋಲ್ ಎಂಜಿನ್ನಿನ ಉರುಳೆಯೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಬಿಗಿಯಾಗಿ ಅದುಮಿ ಆಮೇಲೆ ಕಿಡಿ ಹಚ್ಚುತ್ತೇವೋ ಅಷ್ಟು ಹೆಚ್ಚು ಶಕ್ತಿ ಸಿಗುತ್ತದೆ. ಹತ್ತು ಪಾಲು ಜಾಗದಲ್ಲಿದ್ದುದನ್ನು ಒಂದು ಪಾಲಿಗೆ ಅದುಮಿದರೆ ಅದು 10:1 ಸಂಪೀಡನ. ಆದರೆ ಅದುಮಿದಷ್ಟೂ ಮಿಶ್ರಣ ಕಾಯುತ್ತದೆ. ಒಂದು ಹದ ಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನೇ ತಾನಾಗಿ ಸಿಡಿಯುತ್ತದೆ. ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು; ಮೆಕ್ಯಾನಿಕ್‌ಗಳು ಇದನ್ನೇ 'ನಾಕಿಂಗ್' ಎನ್ನುವುದು. ಹಾಗೇ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ. ಇಂಧನವೊಂದು ಈ ಅಕಾಲ ಸಿಡಿತವನ್ನು ಎಷ್ಟರಮಟ್ಟಿಗೆ ತಡೆದೀತು ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಶೆವೆಲ್‌ನ ಸಂಪೀಡನ 11.25:1. ಅದು ಬಡಿಯದೆ ಓಡಲು ಕಾರಣ, ಅಂದಿನ ಪೆಟ್ರೋಲಿನಲ್ಲಿ ಬೆರೆತಿದ್ದ ಸೀಸ.

ಈ ಸೀಸದ ಕತೆ ಶುರುವಾಗುವುದು ಮಸಲ್ ಕಾರಿಗಿಂತ ನಲವತ್ತು ವರ್ಷ ಹಿಂದೆ. ಜನರಲ್ ಮೋಟರ್ಸ್‌ನ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್, ಅವನ ಕೈಕೆಳಗೆ ಥಾಮಸ್ ಮಿಡ್ಜ್‌ಲಿ. ಎಂಜಿನ್ ಬಡಿತಕ್ಕೆ ಮದ್ದು ಹುಡುಕುತ್ತ ಮಿಡ್ಜ್‌ಲಿ ಅಯೊಡಿನ್‌ನಿಂದ ಹಿಡಿದು ಗಬ್ಬುನಾತದ ಟೆಲ್ಯೂರಿಯಂ ಸಂಯುಕ್ತಗಳವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿದ. ಸುಲಭದ ಮದ್ದೊಂದು ಅವನಿಗೆ ಮೊದಲೇ ಗೊತ್ತಿತ್ತು: ಧಾನ್ಯದಿಂದ, ಕಬ್ಬಿನ ಕಾಕಂಬಿಯಿಂದ ಇಳಿಸುವ ಮದ್ಯಸಾರ. 1921ರ ಅಕ್ಟೋಬರಿನಲ್ಲಿ ಅವನು ಹೆಚ್ಚು ಸಂಪೀಡನದ ಎಂಜಿನ್ನಿರುವ ಕಾರಿಗೆ ನೂರಕ್ಕೆ 30ರಷ್ಟು ಮದ್ಯಸಾರ ಬೆರೆಸಿದ ಪೆಟ್ರೋಲ್ ತುಂಬಿ, ಡೇಟನ್ ನಗರದಿಂದ ಇಂಡಿಯಾನಾಪೊಲಿಸ್‌ನ ಎಂಜಿನಿಯರುಗಳ ಸಭೆಗೆ ಹೋಗಿದ್ದ. ಕಾರು ಬಡಿಯಲಿಲ್ಲ.

ಎರಡು ತಿಂಗಳೂ ಕಳೆಯಲಿಲ್ಲ, ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತದ ಗುಣ ಪತ್ತೆಯಾಯಿತು. ಮದ್ಯಸಾರವನ್ನು ಬಕೆಟ್ಟುಗಟ್ಟಲೆ ಬೆರೆಸಬೇಕು. ಇದು ಗ್ಯಾಲನ್ನಿಗೆ ಕೆಲವೇ ಗ್ರಾಂ ಸಾಕು. ಅದಕ್ಕಿಂತ ಮುಖ್ಯವಾಗಿ, ಯಾವ ರೈತನಾದರೂ ಭಟ್ಟಿ ಇಳಿಸಬಲ್ಲ ಮದ್ಯಸಾರದ ಮೇಲೆ ಯಾರೂ ಒಡೆತನ ಸಾಧಿಸಲಾಗದು. ಸೀಸದ ಬಳಕೆಗಾದರೆ ಪೇಟೆಂಟ್ ಪಡೆಯಬಹುದು. ಜನರಲ್ ಮೋಟರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸೇರಿ 1924ರಲ್ಲಿ ಕಂಪೆನಿ ಕಟ್ಟಿದವು. ಹೆಸರು 'ಈಥೈಲ್'. ಆ ಹೆಸರಿನಲ್ಲಿ ಸೀಸದ ಸುಳಿವೇ ಇಲ್ಲ ಎಂಬುದನ್ನು ಗಮನಿಸಬೇಕು.

ಸೀಸ ವಿಷವೆಂಬುದು ಆಗ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಶುದ್ಧೀಕರಣಾಗಾರದಲ್ಲಿ ಈ ದ್ರವ ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಐವರು ಬುದ್ಧಿಭ್ರಮಣೆಗೊಂಡು ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಪತ್ರಿಕೆಗಳು ಇದನ್ನು 'ಹುಚ್ಚು ಹಿಡಿಸುವ ಗ್ಯಾಸ್' ಎಂದು ಕರೆದವು. ಮಿಡ್ಜ್‌ಲಿ ಪತ್ರಕರ್ತರ ಮುಂದೆಯೇ ಆ ದ್ರವದಲ್ಲಿ ಕೈತೊಳೆದು, ಭಯಪಡುವಂಥದ್ದೇನಿಲ್ಲ ಎಂದು ತೋರಿಸಿದ. ಹಿಂದಿನ ವರ್ಷವಷ್ಟೇ ಅವನು ಸೀಸದ ನಂಜಿನಿಂದ ಚೇತರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿ ಬಂದಿದ್ದ! 1925ರಲ್ಲಿ ಸರ್ಕಾರ ಕರೆದ ಸಮ್ಮೇಳನದಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮುಂತಾದವರು ಎಚ್ಚರಿಸಿದರು. ಕೆಲಕಾಲ ನಿಂತ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು. ಮುಂದಿನ ಅರ್ಧ ಶತಮಾನ ಅಮೆರಿಕದ ಪ್ರತಿ ಬೀದಿಯ ದೂಳಿನಲ್ಲೂ ಸೀಸ ಬಿತ್ತು. 1976-80ರ ಅವಧಿಯಲ್ಲಿ ಅಲ್ಲಿನ ಚಿಕ್ಕ ಮಕ್ಕಳ ರಕ್ತ ಪರೀಕ್ಷಿಸಿದಾಗ ಡೆಸಿಲೀಟರಿಗೆ ಸರಾಸರಿ 15 ಮೈಕ್ರೊಗ್ರಾಂ ಸೀಸ ಸಿಕ್ಕಿತು. ಇಂದು ಅದು ಒಂದಕ್ಕಿಂತ ಕಡಿಮೆ. ಸೀಸ ಮಕ್ಕಳ ಬುದ್ಧಿಬೆಳವಣಿಗೆಯನ್ನೇ ಕುಂಠಿಸುತ್ತದೆ ಎಂಬ ಮಾತು ಮನಸ್ಸಿನಲ್ಲಿಟ್ಟುಕೊಂಡು ಈ ಎರಡು ಅಂಕಿಗಳನ್ನು ಓದಬೇಕು.

ಮಸಲ್ ಕಾರುಗಳನ್ನು ಕೊಂದದ್ದು 1973ರ ಅರಬರ ತೈಲ ದಿಗ್ಬಂಧನ ಎಂದು ಹೇಳುವ ವಾಡಿಕೆಯಿದೆ. ಆದರೆ ಮರಣಶಾಸನ ಅದಕ್ಕೂ ಮೊದಲೇ ಬರೆದಾಗಿತ್ತು. 1970ರ ವಾಯುಶುದ್ಧಿ ಕಾಯ್ದೆ ಹೊಗೆಯ ಮೇಲೆ ಕಟ್ಟುನಿಟ್ಟು ತಂದಿತು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೀಸ ಹಾಳುಮಾಡುತ್ತದೆ. ಆದ್ದರಿಂದ ಸೀಸರಹಿತ ಪೆಟ್ರೋಲ್ ಬರಲೇಬೇಕಾಯಿತು. ಅದಕ್ಕೆ ಸಿದ್ಧವಾಗಲು ಜನರಲ್ ಮೋಟರ್ಸ್ 1971ರ ಮಾದರಿಗಳಿಂದಲೇ ಎಂಜಿನ್ನುಗಳ ಸಂಪೀಡನ ಇಳಿಸಿತು. ವಿಮೆಯ ಕಂತೂ ಏರಿ, ಹಲ್ಲು ಕಿತ್ತ ಹುಲಿಗಳಾದವು ಕಾರುಗಳು. 1996ರ ಜನವರಿ 1ರಿಂದ ಅಮೆರಿಕದ ರಸ್ತೆವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಷೇಧವಾಯಿತು. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ.

ಹೀಗೆ ಉಳಿದುಕೊಂಡ ಹಳೆಯ ಮಸಲ್ ಕಾರುಗಳು ತಾಯಿಹಾಲು ತಪ್ಪಿದ ಕರುಗಳಂತಾದವು. ಅವಕ್ಕೆ ಎರಡು ಕಷ್ಟ. ಒಂದು, ಈಗಿನ ಪೆಟ್ರೋಲಿನಲ್ಲಿ ಬಡಿತ. ಇನ್ನೊಂದು, ಸೀಸದ ತೆಳು ಲೇಪ ಸಿಗದೆ ಎಕ್ಸಾಸ್ಟ್ ಕವಾಟದ ಪೀಠ ಬೇಗ ಸವೆಯುವುದು. ಎರಡನೆಯದಕ್ಕೆ ಗಟ್ಟಿ ಉಕ್ಕಿನ ಬಳೆ ಕೂರಿಸಿದರೆ ಮುಗಿಯಿತು, ಒಮ್ಮೆ ಮಾಡಿದ ಖರ್ಚು. ಮೊದಲನೆಯದಕ್ಕೆ ಪಿಸ್ಟನ್ ಬದಲಿಸಿ ಸಂಪೀಡನ ತಗ್ಗಿಸಬಹುದು, ಆದರೆ ಆಗ ಕಾರಿನ ಜೀವವೇ ಹೋದಂತೆ. ರೇಸಿನ ಇಂಧನ ಕೊಳ್ಳಬಹುದು, ಕಿಸೆ ತಡೆಯದು.

ಆಗ ಕಣ್ಣಿಗೆ ಬಿದ್ದದ್ದು ಇ-85. ಮುಸುಕಿನ ಜೋಳ ಬೆಳೆಯುವ ಅಮೆರಿಕದ ನಡುಸೀಮೆಯ ರಾಜ್ಯಗಳಲ್ಲಿ ಹೆಚ್ಚಾಗಿ ಸಿಗುವ ಇಂಧನ ಇದು. ಹೆಸರಿನಂತೆ ನೂರಕ್ಕೆ 85ರವರೆಗೆ ಎಥೆನಾಲ್, ಉಳಿದದ್ದು ಪೆಟ್ರೋಲ್. ಇದರ ಆಕ್ಟೇನ್ ನೂರನ್ನು ದಾಟುತ್ತದೆ. ಅಷ್ಟೇ ಅಲ್ಲ, ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವ ಅನುಭವ ಎಲ್ಲರಿಗೂ ಇದ್ದೇ ಇದೆ. ಅದೇ ತಂಪು ಎಂಜಿನ್ನಿನೊಳಗೂ ಆಗುತ್ತದೆ. ತಂಪಾದ ಗಾಳಿ ಸಾಂದ್ರವಾಗಿ, ಉರುಳೆಯೊಳಗೆ ಹೆಚ್ಚು ತುಂಬಿಕೊಂಡು, ಬಡಿತವಿಲ್ಲದೆ ಉರಿಯುತ್ತದೆ. 11:1 ಸಂಪೀಡನದ ಹಳೆಯ ಎಂಜಿನ್ನಿಗೆ ಹೇಳಿ ಮಾಡಿಸಿದ ಆಹಾರ. ರೇಸಿನವರಿಗೆ ಇದು ಹೊಸ ವಿದ್ಯೆಯೇನಲ್ಲ. 1964ರ ಇಂಡಿಯಾನಾಪೊಲಿಸ್ ಸ್ಪರ್ಧೆಯಲ್ಲಿ ಪೆಟ್ರೋಲ್ ಬೆಂಕಿಗೆ ಇಬ್ಬರು ಚಾಲಕರು ಬಲಿಯಾದ ಮೇಲೆ ಅಲ್ಲಿಯ ಕಾರುಗಳು ಮೆಥನಾಲ್‌ಗೆ ತಿರುಗಿದ್ದವು. 2007ರಲ್ಲಿ ಎಥೆನಾಲ್‌ಗೆ ಬಂದವು.

ಆದರೆ ಟ್ಯಾಂಕಿಗೆ ಸುರಿದು ಕೀಲಿ ತಿರುಗಿಸಿದರೆ ಆಗುವ ಕೆಲಸ ಇದಲ್ಲ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವ ದ್ರವ. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ, ಇ-85ಕ್ಕೆ ಹತ್ತಕ್ಕಿಂತ ತುಸು ಕಡಿಮೆ ಸಾಕು. ತಿರುಗಿಸಿ ಹೇಳುವುದಾದರೆ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹರಿಯಬೇಕು. ಹೊಸ ಕಾರಿನಲ್ಲಿ ಕಂಪ್ಯೂಟರು ಈ ಲೆಕ್ಕ ಹಾಕಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಕಾರ್ಬುರೇಟರ್ ಬಿಚ್ಚಿ, ಇಂಧನ ಹರಿಯುವ ಸಣ್ಣ ಹಿತ್ತಾಳೆ ಜೆಟ್‌ಗಳನ್ನು ಬದಲಿಸಿ, ಸುಮಾರು ಮೂರನೇ ಒಂದರಷ್ಟು ಹೆಚ್ಚು ಹರಿಯುವಂತೆ ಮಾಡಬೇಕು. ಹಾಗೆ ಮಾಡದೆ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾದುಹೋಗುತ್ತದೆ. ಈಗ ಹಾಲಿಯಂಥ ಕಂಪೆನಿಗಳು ಇದಕ್ಕೆಂದೇ ಕಾರ್ಬುರೇಟರು ಮಾಡಿ ಮಾರುತ್ತವೆ.

ಎಥೆನಾಲ್ ಒಳ್ಳೆಯ ದ್ರಾವಕವೂ ಹೌದು. ಐವತ್ತು ವರ್ಷದಿಂದ ಟ್ಯಾಂಕಿನ ತಳಕ್ಕೆ ಅಂಟಿದ ಕೊಳೆಯನ್ನೆಲ್ಲ ಕರಗಿಸಿ ತಂದು ಫಿಲ್ಟರಿನಲ್ಲಿ ಕೂರಿಸುತ್ತದೆ. ಹಳೆಯ ರಬ್ಬರ್ ಕೊಳವೆ ಉಬ್ಬುತ್ತದೆ, ಬಿರಿಯುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಬೇರೆ. ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವ ಕಾರಿನಲ್ಲಿ ಇದು ತುಕ್ಕಿಗೆ ಆಹ್ವಾನ. ಚಳಿಯಲ್ಲಿ ಎಂಜಿನ್ ಸುಲಭಕ್ಕೆ ಏಳುವುದಿಲ್ಲ. ಅದಕ್ಕೆಂದೇ ಚಳಿಗಾಲದ ಇ-85ರಲ್ಲಿ ಎಥೆನಾಲ್ ಪಾಲನ್ನು 51ರವರೆಗೂ ಇಳಿಸುತ್ತಾರೆ. ಬೇಸಿಗೆಯಲ್ಲಿ ಹದ ಹಿಡಿದ ಕಾರ್ಬುರೇಟರು ಚಳಿಗಾಲದಲ್ಲಿ ತಪ್ಪುವುದು ಹೀಗೆ. ಜಾಣ ಮಾಲೀಕರು ಅಳತೆಯ ಗಾಜಿನ ನಳಿಗೆಯೊಂದನ್ನು ಜತೆಗಿಟ್ಟುಕೊಂಡಿರುತ್ತಾರೆ. ಇಂಧನಕ್ಕೆ ನೀರು ಬೆರೆಸಿ ಕುಲುಕಿದರೆ ಎಥೆನಾಲ್ ನೀರಿನೊಂದಿಗೆ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಗೆರೆ ನೋಡಿ ಪಾಲು ತಿಳಿಯಬಹುದು. ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಡೇರಿಯ ಕೆಲಸದಂತೆಯೇ ಇದೂ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಎಲ್‌ಪಿಜಿಯ ಆಕ್ಟೇನ್ ಕೂಡ ನೂರರ ಮೇಲೆ. ಆಸ್ಟ್ರೇಲಿಯಾದಲ್ಲಿ ಟ್ಯಾಕ್ಸಿಗಳೇ ದಶಕಗಳ ಕಾಲ ಅದರಲ್ಲಿ ಓಡಿದವು. ಆದರೆ ಡಿಕ್ಕಿಯ ಜಾಗವನ್ನೆಲ್ಲ ಸಿಲಿಂಡರ್ ನುಂಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆನ್ನಿಗೆ ಇದ್ದಿಲಿನ ಕುಲುಮೆ ಕಟ್ಟಿಕೊಂಡು ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ ಬಸ್ಸುಗಳ ಕತೆಯನ್ನು ನಮ್ಮ ಹಿರಿಯರಿಂದ ಕೇಳಿದವರಿಗೆ ಇಂಥ ಹೊರೆಯ ಕಲ್ಪನೆ ಬಂದೀತು. 2007ರಲ್ಲಿ ಎಂಟಿವಿಯ ಕಾರ್ಯಕ್ರಮವೊಂದಕ್ಕಾಗಿ 1965ರ ಇಂಪಾಲಾ ಕಾರಿಗೆ ಟ್ರಕ್ಕಿನ ಡೀಸೆಲ್ ಎಂಜಿನ್ ಕೂರಿಸಿ ಜೈವಿಕ ಡೀಸೆಲ್ಲಿನಲ್ಲಿ ಓಡಿಸಿದ್ದೂ ಉಂಟು. ಇನ್ನು ವಿದ್ಯುತ್ತು. 2018ರಲ್ಲಿ ಶೆವ್ರೊಲೆ ಕಂಪೆನಿಯೇ 700ಕ್ಕೂ ಹೆಚ್ಚು ಅಶ್ವಶಕ್ತಿಯ ವಿದ್ಯುತ್ ಕಮಾರೊ ಒಂದನ್ನು ತೋರಿಸಿತು. ವೇಗದಲ್ಲಿ ಹಳೆಯ ಯಾವ ಮಸಲ್ ಕಾರೂ ಅದರ ಹತ್ತಿರ ಸುಳಿಯದು. ಆದರೂ ವಿ-8ರ ಗುಡುಗು ಇಲ್ಲದ ಮಸಲ್ ಕಾರನ್ನು ಅಭಿಮಾನಿಗಳು ಅನುಮಾನದಿಂದಲೇ ನೋಡುತ್ತಾರೆ. ಆ ಅನುಮಾನ ತೀರ ಅನ್ಯಾಯದ್ದೇನಲ್ಲ. ಎಂಜಿನ್ ತೆಗೆದ ಮೇಲೆ ಉಳಿಯುವುದು ತಗಡಿನ ಆಕಾರ ಮಾತ್ರ. ಎಥೆನಾಲ್ ತುಂಬಿದ ಕಾರು ಕಾರಾಗಿಯೇ ಉಳಿಯುತ್ತದೆ.

ಹಾಗೆಂದು ಇದನ್ನು ಪರಿಸರಸೇವೆ ಎಂದು ಕರೆಯುವವರ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತಿದ್ದ ಕಾರು ಇ-85ರಲ್ಲಿ ಮೂರು ಓಡುತ್ತದೆ. ಆ ಜೋಳ ಬೆಳೆಯಲು ಗೊಬ್ಬರ, ಭಟ್ಟಿ ಇಳಿಸಲು ಇಂಧನ ಎಲ್ಲ ಬೇಕು. ಹೊಸದಾಗಿ ಉತ್ತ ನೆಲದ ಲೆಕ್ಕವನ್ನೂ ಹಿಡಿದರೆ ಜೋಳದ ಎಥೆನಾಲ್ ಪೆಟ್ರೋಲಿಗಿಂತ ಹೆಚ್ಚು ಇಂಗಾಲ ಉಗುಳುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 2022ರಲ್ಲಿ ಹೇಳಿತು. ಅಲ್ಲವೆಂದು ವಾದಿಸುವ ತಜ್ಞರೂ ಇದ್ದಾರೆ. ಎಥೆನಾಲ್ ಬಳಸಿದಾಗ ಸೀಸ ಬೇಕಾಗುವುದಿಲ್ಲ ಎಂಬುದರಲ್ಲಿ ಮಾತ್ರ ವಿವಾದವಿಲ್ಲ. ಅದು 1921ರಲ್ಲೂ ಬೇಕಾಗಿರಲಿಲ್ಲ.

ನಮ್ಮಲ್ಲಿ ಕತೆ ತಿರುಗುಮುರುಗಾಗಿದೆ. ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಅದೇ. ಅಮೆರಿಕದ ಮಸಲ್ ಕಾರಿನ ಮಾಲೀಕ ಎಥೆನಾಲನ್ನು ಹುಡುಕಿಕೊಂಡು ಹೋದರೆ, ಇಲ್ಲಿಯ ಹಳೆಯ ಅಂಬಾಸಡರ್, ಪದ್ಮಿನಿ ಕಾರುಗಳ ಮಾಲೀಕರನ್ನು ಅದೇ ಹುಡುಕಿಕೊಂಡು ಬಂದಿದೆ. ಆ ಎಂಜಿನ್ನುಗಳ ಸಂಪೀಡನ ಏಳೆಂಟರ ಆಸುಪಾಸು. ಎಥೆನಾಲಿನ ಹೆಚ್ಚಿನ ಆಕ್ಟೇನ್ ಅವುಗಳ ಪಾಲಿಗೆ ಹಲ್ಲಿಲ್ಲದವರಿಗೆ ಸಿಕ್ಕ ಕಡಲೆ. ಲಾಭವಿಲ್ಲ, ಆದರೆ ರಬ್ಬರಿಗೂ ಟ್ಯಾಂಕಿಗೂ ಆಗುವ ಹಾನಿ ಅಷ್ಟೇ ಇದೆ. ಸದ್ಯಕ್ಕೆ ಇರುವ ಉಪಾಯ ಸರಳವಾದದ್ದು. ಎಥೆನಾಲ್ ತಾಳುವ ಹೊಸ ಕೊಳವೆ ಮತ್ತು ವಾಷರ್‌ಗಳನ್ನು ಹಾಕಿಸಬೇಕು, ಬೇಕಿದ್ದರೆ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಬೇಕು. ಮಳೆಗಾಲವಿಡೀ ಕಾರು ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದದ್ದೂ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಹೊದಿಕೆ ಹೊದಿಸಬೇಕು.